ಆಡು, ಕರಿಮರ ಮತ್ತು ನಜರ್‌ಬಾದಿನ ಬಂಗಲೆ

ಮೈಸೂರಿನ ಅರಮನೆಗೆ ಅನತಿ ದೂರದಲ್ಲಿರುವ ನಜರ್‌ಬಾದ್ ಇಂದು ಕಾರಂಜಿ ಕೆರೆಯಿಂದಲೂ ಬೆಣ್ಣೆದೋಸೆಯ ಹಳೆಯ ಹೋಟೆಲುಗಳಿಂದಲೂ ಜನರಿಗೆ ಪರಿಚಿತ. ಆದರೆ ಈ ಬಡಾವಣೆ ಮೂಲತಃ ಒಂದು ಕೋಟೆಯಾಗಬೇಕಿತ್ತು. 1787ರ ಸುಮಾರಿಗೆ ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಪೂರ್ವದ ತುಸು ಎತ್ತರದ ನೆಲಕ್ಕೆ ಸಾಗಿಸಿ, ಅಲ್ಲಿ ನಜರ್‌ಬಾದ್ ಎಂಬ ಹೆಸರಿನ ಹೊಸ ಕೋಟೆಯನ್ನು ಕಟ್ಟಿಸತೊಡಗಿದನು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಅದೇ ಕಲ್ಲುಗಳು ಮರಳಿ ಹೊತ್ತುಕೊಂಡು ಹೋಗಲ್ಪಟ್ಟು ಹಳೆಯ ಕೋಟೆ ಮತ್ತೆ ಎದ್ದಿತು. ಕಲ್ಲು ಹೋಯಿತು, ಕಲ್ಲು ಬಂದಿತು. ಹೀಗೆ ಹೋದದ್ದು ಹಾಗೆಯೇ ಹಿಂದಿರುಗಿ ಬರುವುದು ಚರಿತ್ರೆಯಲ್ಲಿ ಅಪರೂಪ.

ನಜರ್‌ಬಾದಿನಲ್ಲಿ ಇನ್ನೊಂದು ಕಟ್ಟಡವಿದೆ. ಬ್ರಿಟಿಷ್ ರೆಸಿಡೆಂಟರ ವಾಸಕ್ಕೆಂದು ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಲಾದ, ಮುಂದೆ ಗವರ್ನಮೆಂಟ್ ಹೌಸ್ ಎನಿಸಿಕೊಂಡ ದೊಡ್ಡ ಬಂಗಲೆ. 1803ರಿಂದ 1808ರವರೆಗೆ ಮೈಸೂರಿನ ರೆಸಿಡೆಂಟನಾಗಿದ್ದವನು ಮಾರ್ಕ್ ವಿಲ್ಕ್ಸ್. ದಕ್ಷಿಣ ಭಾರತದ ಇತಿಹಾಸವನ್ನು ಬರೆದವನೆಂದು ಆತನ ಹೆಸರು ಕಾಲೇಜು ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ. ಆದರೆ ಇದೇ ವಿಲ್ಕ್ಸ್ 1813ರಲ್ಲಿ ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವಿನ ಸೇಂಟ್ ಹೆಲೆನಾ ಎಂಬ ಪುಟ್ಟ ದ್ವೀಪಕ್ಕೆ ಗವರ್ನರನಾಗಿ ಹೋದನೆಂಬುದೂ, 1815ರಲ್ಲಿ ನೆಪೋಲಿಯನ್ ಸೆರೆಯಾಳಾಗಿ ಅಲ್ಲಿಗೆ ಬಂದಿಳಿದಾಗ ಆ ದ್ವೀಪದ ಆಡಳಿತ ಈತನ ಕೈಯಲ್ಲಿತ್ತೆಂಬುದೂ ಅಷ್ಟಾಗಿ ಪ್ರಚಾರದಲ್ಲಿಲ್ಲ. ವಿಲ್ಕ್ಸನಿಗಿಂತ ಮೊದಲು, 1808ರಿಂದ 1813ರವರೆಗೆ, ಅಲ್ಲಿ ಗವರ್ನರನಾಗಿದ್ದವನು ಅಲೆಕ್ಸಾಂಡರ್ ಬೀಟ್ಸನ್. ಆತನೂ ಮೈಸೂರು ಕಂಡವನೇ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಸೈನ್ಯದ ಸರ್ವೇಯರ್ ಆಗಿದ್ದು ಆ ಯುದ್ಧದ ಬಗೆಗೆ ಪುಸ್ತಕ ಬರೆದವನು. ಆ ಪತನದ ನಂತರ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿದ್ದ ಆರ್ಥರ್ ವೆಲ್ಲೆಸ್ಲಿ ಕೂಡ 1805ರಲ್ಲಿ ಸ್ವದೇಶಕ್ಕೆ ಮರಳುವಾಗ ಅದೇ ದ್ವೀಪದಲ್ಲಿ ತಂಗಿದ್ದನು.

ಇದು ಆಕಸ್ಮಿಕವಲ್ಲ. ಹಡಗಿಗೆ ಗಾಳಿ ಬೇಕು; ಗಾಳಿಯಷ್ಟೇ ಮುಖ್ಯವಾಗಿ ಸಿಹಿನೀರು, ಸೊಪ್ಪು, ಹಣ್ಣು, ಮಾಂಸ ಬೇಕು. ಇಂಡಿಯಾದಿಂದ ಯೂರೋಪಿಗೆ ಮರಳುವ ಹಡಗುಗಳಿಗೆ ಈ ದ್ವೀಪ ಒಂದು ದಾರಿಬದಿಯ ಛತ್ರವಾಗಿತ್ತು. ಸಮುದ್ರಯಾನಗಳ ಚರಿತ್ರೆಯನ್ನು ಸಾಹಸಿಗಳ ಕಥೆಯೆಂದು ಓದಿಸುವುದು ಶಾಲೆಗಳ ವಾಡಿಕೆ. ಮಣ್ಣಿನೊಡನೆ ಬದುಕುವವರು ಅದನ್ನು ಬೇರೆ ರೀತಿಯಲ್ಲಿ ಓದಬೇಕಾಗಿದೆ. ಆ ಹಡಗುಗಳು ಇಳಿಸಿದ್ದು ಮನುಷ್ಯರನ್ನಷ್ಟೇ ಅಲ್ಲ. ಬೀಜ, ಗೆಡ್ಡೆ, ಆಡು, ಹಂದಿ, ಇಲಿ, ಕೀಟ, ಕಳೆ ಎಲ್ಲವನ್ನೂ ಇಳಿಸಿದವು. ರಾಜ್ಯಗಳು ಹೋದವು, ಇಳಿಸಿದ ಜೀವಿಗಳು ಉಳಿದವು.

‘ಕಂಡುಹಿಡಿದನು’ ಎಂಬ ಪದವನ್ನು ಮೊದಲು ಪರಿಶೀಲಿಸುವುದು ಒಳ್ಳೆಯದು. ವಾಸ್ಕೋ ಡ ಗಾಮನು 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯ ತೀರಕ್ಕೆ ಬಂದನು. ಆಫ್ರಿಕದ ಮಾಲಿಂದಿಯಿಂದ ಏಪ್ರಿಲ್ 24ರಂದು ಹೊರಟ ಹಡಗುಗಳು ಒಂದು ತಿಂಗಳೂ ತುಂಬುವ ಮೊದಲೇ ಅರಬ್ಬೀ ಸಮುದ್ರವನ್ನು ದಾಟಿದವು. ದಾಟಿಸಿದವನು ಮಾಲಿಂದಿಯಲ್ಲಿ ಹತ್ತಿಸಿಕೊಂಡ, ಆ ಸಮುದ್ರವನ್ನು ಬಲ್ಲ ಒಬ್ಬ ನಾವಿಕ. ಆ ನೀರಿನ ಮೇಲೆ ಶತಮಾನಗಳಿಂದ ಅರಬರು, ಗುಜರಾತಿಗಳು, ಕರಾವಳಿಯ ವರ್ತಕರು ಓಡಾಡುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲಿಯೇ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ, ಮೆಣಸು ಅಡಿಕೆಗಳ ವ್ಯವಹಾರದ ಪತ್ರಗಳನ್ನು ಬಿಟ್ಟುಹೋಗಿದ್ದಾನೆ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರವನ್ನು ಕಂಡಿದ್ದಾನೆ. 1443ರಲ್ಲಿ ಅಬ್ದುರ್ ರಜಾಕನು ಮಂಗಳೂರಿನಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋಗಿದ್ದಾನೆ. ಇಷ್ಟೆಲ್ಲ ಹೆಜ್ಜೆಗಳು ಮೂಡಿದ ದಾರಿಯಲ್ಲಿ ಕೊನೆಗೆ ಬಂದವನು ದಾರಿಯನ್ನೇ ಕಂಡುಹಿಡಿದನೆಂದು ಹೇಳುವುದು ಹೇಗೆ?

ಗಾಮನ ಹಿಂದಿರುಗುವಿಕೆ ಇದಕ್ಕಿಂತ ಹೆಚ್ಚಿನ ಪಾಠ ಹೇಳುತ್ತದೆ. ಆಗಸ್ಟ್ ಕೊನೆಯಲ್ಲಿ ಕಲ್ಲಿಕೋಟೆಯನ್ನು ಬಿಟ್ಟ ಆತ ತೀರದ ಗುಂಟ ಉತ್ತರಕ್ಕೆ ಸಾಗಿ, ಮಲ್ಪೆಯ ಎದುರಿನ ದ್ವೀಪವೊಂದರಲ್ಲಿ ಪೋರ್ಚುಗಲ್ಲಿನ ಗುರುತಿನ ಕಂಬವನ್ನು ನಿಲ್ಲಿಸಿ ಅದಕ್ಕೆ ಸಂತ ಮೇರಿಯ ಹೆಸರಿಟ್ಟನು. ತೋನ್ಸೆಪಾರ್ ಎಂಬ ಹೆಸರು ಅಲ್ಲಿನ ಜನರ ಬಾಯಲ್ಲಿತ್ತು. ನಕಾಶೆಗೆ ಸೇಂಟ್ ಮೇರೀಸ್ ಎಂಬುದೇ ಹತ್ತಿತು. (ಆ ದ್ವೀಪದ ಕಂಬಗಳಂತಹ ಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ, ಉಕ್ಕಿದ ಲಾವಾ. ಅಂದು ಅಗಲಿ ಹೋದ ಮಡಗಾಸ್ಕರ್ ಹತ್ತೊಂಬತ್ತನೆಯ ಶತಮಾನದಲ್ಲಿ ಗುಲ್‌ಮೊಹರ್ ಮರದ ರೂಪದಲ್ಲಿ ಮೈಸೂರಿನ ಬೀದಿಗಳಿಗೆ ಮರಳಿತೆಂದು ತಮಾಷೆಗೆ ಹೇಳಬಹುದು.) ಅಲ್ಲಿಂದ ಮುಂದೆ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ದುರಸ್ತಿ ಮಾಡಿಕೊಂಡು ಅಕ್ಟೋಬರ್ 5ರಂದು ಆಫ್ರಿಕದತ್ತ ಹೊರಟನು.

ಅದು ಹೊರಡುವ ಕಾಲವಾಗಿರಲಿಲ್ಲ. ನೈಋತ್ಯದ ಗಾಳಿ ಸತ್ತು ಈಶಾನ್ಯದ ಗಾಳಿ ಇನ್ನೂ ಹುಟ್ಟದಿರುವ ದಿನಗಳವು. ಭತ್ತದ ಗದ್ದೆಯ ಅಂಚಿನಲ್ಲಿ ನಿಂತ ಯಾವ ರೈತನಿಗೂ, ಮಲ್ಪೆಯ ಯಾವ ಮೊಗವೀರನಿಗೂ ತಿಳಿದಿದ್ದ ಗಾಳಿಯ ಪಂಚಾಂಗವನ್ನು ಆ ಹಡಗಿನವರು ಕೇಳಲಿಲ್ಲ. ಬರುವಾಗ ಇಪ್ಪತ್ತಮೂರು ದಿನಗಳಲ್ಲಿ ದಾಟಿದ ತೆರೆದ ಕಡಲನ್ನು ಹೋಗುವಾಗ ದಾಟಲು ಹೆಚ್ಚುಕಡಿಮೆ ಮೂರು ತಿಂಗಳು ಹಿಡಿಯಿತು. ಒಸಡು ಊದಿ ಹಲ್ಲು ಮುಚ್ಚಿಹೋಗುವ ಸ್ಕರ್ವಿ ರೋಗದಿಂದ ಮೂವತ್ತು ಜನ ಸತ್ತರು; ಅಷ್ಟೇ ಜನ ಅದಕ್ಕೆ ಮುಂಚೆ ಸತ್ತಿದ್ದರು. ಕೊನೆಗೆ ನಡೆಸಲು ಆಳಿಲ್ಲದೆ ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು. ಇದು ಸಿ ಜೀವಸತ್ವದ ಕೊರತೆಯಿಂದ ಬರುವ ರೋಗ. ಘಟ್ಟದ ತಪ್ಪಲಿನ ನೆಲ್ಲಿ, ನಿಂಬೆಗಳು ಕಣ್ಣೆದುರಿಗೇ ಇದ್ದ ತೀರದಿಂದ ಹೊರಟವರು ಅದರಿಂದಲೇ ಸತ್ತರು. ನೆಲವನ್ನು ಕಾಣುವುದು ಬೇರೆ, ನೆಲದ ತಿಳಿವಳಿಕೆಯನ್ನು ಪಡೆಯುವುದು ಬೇರೆ.

ಮುಂದಿನದು ಪರಿಚಿತ ಕಥೆ. 1505ರಲ್ಲಿ ಅಂಜದೀವದಲ್ಲಿ ಕೋಟೆ, 1510ರಲ್ಲಿ ಗೋವೆ, ಹೊನ್ನಾವರ ಭಟ್ಕಳಗಳ ಮೇಲೆ ದಾಳಿ, ಘಟ್ಟದ ಕಾಳುಮೆಣಸಿಗಾಗಿ ಪೈಪೋಟಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಉಳ್ಳಾಲದ ಅಬ್ಬಕ್ಕ ಅವರೊಡನೆ ಕಾದಿದಳು. ಇವೆಲ್ಲ ಪಠ್ಯಪುಸ್ತಕಗಳಲ್ಲಿವೆ, ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

‘ಕಂಡುಹಿಡಿದರು’ ಎಂದು ನಿಸ್ಸಂಕೋಚವಾಗಿ ಹೇಳಬಹುದಾದ ನೆಲ ಯಾವುದಾದರೂ ಇದ್ದರೆ ಅದು ಸೇಂಟ್ ಹೆಲೆನಾ. ಆಫ್ರಿಕದ ತೀರದಿಂದ ಸುಮಾರು 1,900 ಕಿಲೋಮೀಟರ್ ದೂರದಲ್ಲಿರುವ, 122 ಚದರ ಕಿಲೋಮೀಟರ್ ವಿಸ್ತಾರದ ಈ ದ್ವೀಪಕ್ಕೆ 1502ರಲ್ಲಿ ಇಂಡಿಯಾದಿಂದ ಮರಳುತ್ತಿದ್ದ ಜೊವಾ ಡ ನೋವಾನ ಹಡಗುಗಳು ಬಂದಾಗ ಅಲ್ಲಿ ಮನುಷ್ಯರಿರಲಿಲ್ಲ. ಹುಲ್ಲು ಮೇಯುವ ಪ್ರಾಣಿಯೊಂದೂ ಇರಲಿಲ್ಲ. ಜಗತ್ತಿನ ಬೇರೆಲ್ಲಿಯೂ ಇಲ್ಲದ ಮರಗಳ ಕಾಡು ಇತ್ತು. ಅದರಲ್ಲಿ ಒಂದನ್ನು ಕರಿಮರವೆಂದು ಕರೆಯಲಾಯಿತು. ಅದು ಘಟ್ಟದ ಕರಿಮರದ ಜಾತಿಯದಲ್ಲ, ದಾಸವಾಳದ ಕುಟುಂಬಕ್ಕೆ ಸೇರಿದ್ದು. ಅದರ ತಿರುಳು ಮಾತ್ರ ಕಪ್ಪು.

ಆ ದ್ವೀಪದ ಮೊದಲ ನಿವಾಸಿಯ ಕಥೆಗೂ ಕರ್ನಾಟಕದ ನಂಟಿದೆ. ಫೆರ್ನಾವ್ ಲೋಪೆಸ್ ಎಂಬ ಪೋರ್ಚುಗೀಸ್ ಸೈನಿಕ ಗೋವೆಯಲ್ಲಿ ತನ್ನವರನ್ನು ಬಿಟ್ಟು ಬಿಜಾಪುರದ ಪಡೆಯನ್ನು ಸೇರಿದ್ದನು. 1512ರಲ್ಲಿ ಸಿಕ್ಕಿಬಿದ್ದಾಗ ಆಲ್ಬುಕರ್ಕನ ಆಜ್ಞೆಯಂತೆ ಅವನ ಮೂಗು, ಕಿವಿ, ಬಲಗೈ ಕತ್ತರಿಸಲ್ಪಟ್ಟವು. ಕೆಲವು ವರ್ಷಗಳ ನಂತರ ಸ್ವದೇಶಕ್ಕೆ ಮರಳುವ ಹಡಗಿನಿಂದ ಸೇಂಟ್ ಹೆಲೆನಾದಲ್ಲಿ ಇಳಿದುಕೊಂಡ ಅವನು ಸುಮಾರು ಮೂವತ್ತು ವರ್ಷ ಅಲ್ಲಿಯೇ ಬದುಕಿದನು. ಹೋಗಿಬರುವ ಹಡಗುಗಳವರು ಅವನಿಗೆ ಬೀಜ, ಸಸಿ, ಕೋಳಿ, ಆಡುಗಳನ್ನು ಕೊಟ್ಟರು. ಅವನು ತೋಟ ಮಾಡಿದನು. ಲೋಪೆಸನನ್ನು ದೂರುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಒಂದೇ ಕೈಯಿಂದ ತೋಟ ಮಾಡಿ ಬದುಕಿದವನು ಅವನು. ಆದರೆ ಹಡಗುಗಳು ಬಿಟ್ಟ ಆಡುಗಳು ಬೇಲಿಯೊಳಗೆ ಉಳಿಯಲಿಲ್ಲ. 1588ರಲ್ಲಿ ಇಂಗ್ಲಿಷ್ ನಾವಿಕ ಕ್ಯಾವೆಂಡಿಶ್ ಬಂದಾಗ ಬೆಟ್ಟಗಳ ಮೇಲೆ ಸಾವಿರಾರು ಆಡುಗಳ ಸಾಲು ಕಂಡನು.

ಕಾಡು ಹೇಗೆ ಸತ್ತಿತೆಂಬುದು ಮಲೆನಾಡಿನವರು ಗಮನಿಸಬೇಕಾದ ಸಂಗತಿ. ಕೊಡಲಿಯ ಪಾಲು ಇತ್ತು, ನಿಜ. ಚರ್ಮ ಹದಮಾಡಲು ಕೆಂಪುಮರದ ತೊಗಟೆ ಸುಲಿಯಲಾಯಿತು. ಕೋಟೆಯ ಗಾರೆಗೆ ಸುಣ್ಣ ಸುಡಲು ಕರಿಮರವೇ ಸೌದೆಯಾಯಿತು. ಆದರೆ ಕಾಡನ್ನು ನಿಜವಾಗಿ ಮುಗಿಸಿದ್ದು ಹಲ್ಲು. ಮೇಯುವ ಪ್ರಾಣಿಯನ್ನೇ ಕಾಣದೆ ವಿಕಾಸಗೊಂಡ ಆ ಗಿಡಗಳಿಗೆ ಮುಳ್ಳಿರಲಿಲ್ಲ, ಕಹಿಯಿರಲಿಲ್ಲ. ದೊಡ್ಡ ಮರಗಳಿಗೆ ಆಡು ಏನೂ ಮಾಡಲಿಲ್ಲ; ಕೆಳಗೆ ಹುಟ್ಟಿದ ಸಸಿಗಳನ್ನು ಮಾತ್ರ ತಿಂದಿತು. ಆದ್ದರಿಂದ ನೂರು ವರ್ಷ, ನೂರೈವತ್ತು ವರ್ಷ ಕಾಡು ಕಾಡಿನಂತೆಯೇ ಕಾಣುತ್ತಿತ್ತು. ಮೇಲೆ ಹಸಿರು ಚಪ್ಪರ, ಕೆಳಗೆ ಒಂದೂ ಮರಿಯಿಲ್ಲ. ಹದಿನೆಂಟನೆಯ ಶತಮಾನದ ಮೊದಲ ಭಾಗದಲ್ಲಿ ಹಳೆಯ ಮರಗಳು ವಯಸ್ಸಾಗಿ ಒಂದೊಂದಾಗಿ ಬಿದ್ದಾಗಲೇ ಸುಮಾರು 2,000 ಎಕರೆಯ ‘ಮಹಾವನ’ ಇಲ್ಲವಾದದ್ದು ಜನರಿಗೆ ತಿಳಿಯಿತು. ಅಡ್ಡಾಡುವ ಪ್ರಾಣಿಗಳನ್ನು ಕೊಲ್ಲಬೇಕೆಂಬ ಆಜ್ಞೆ 1731ರಲ್ಲಿ ಹೊರಟಿತು. ಅದೂ ನಿಲ್ಲಲಿಲ್ಲ. ಕರಿಮರವನ್ನು ಉಳಿಸಲು ಆಡುಗಳನ್ನು ತೆಗೆಯಬೇಕೆಂದು ದ್ವೀಪದ ಗವರ್ನರ್ ಬರೆದಾಗ, ಲಂಡನ್ನಿನಲ್ಲಿ ಕುಳಿತ ಕಂಪೆನಿಯ ನಿರ್ದೇಶಕರು ಕರಿಮರಕ್ಕಿಂತ ಆಡೇ ಹೆಚ್ಚು ಉಪಯುಕ್ತವೆಂದು ಉತ್ತರಿಸಿದರು. ಶ್ರೀರಂಗಪಟ್ಟಣದ ಅನುಭವವಿದ್ದ ಬೀಟ್ಸನ್ ಗವರ್ನರನಾಗಿ ಬಂದು ಹಳೆಯ ಕಡತಗಳನ್ನು ತೆಗೆಸಿ ಇದನ್ನೆಲ್ಲ ಬರೆದಿಟ್ಟನು. ಅವನ ಪುಸ್ತಕವನ್ನು ಓದಿಕೊಂಡಿದ್ದ ಚಾರ್ಲ್ಸ್ ಡಾರ್ವಿನ್ 1836ರಲ್ಲಿ ದ್ವೀಪಕ್ಕೆ ಬಂದಾಗ ಅಲ್ಲಿದ್ದ 746 ಬಗೆಯ ಸಸ್ಯಗಳಲ್ಲಿ ಮೂಲದವು ಕೇವಲ 52 ಎಂದು ಲೆಕ್ಕ ಕೊಟ್ಟನು.

ಲಂಡನ್ನಿನ ಆ ಉತ್ತರ ಮೂರ್ಖತನದ್ದಲ್ಲ ಎಂಬುದೇ ಕಳವಳದ ವಿಷಯ. ಹಡಗಿನ ಲೆಕ್ಕದಲ್ಲಿ ಅದು ಸರಿಯಾಗಿಯೇ ಇತ್ತು. ಆಡಿನ ಬೆಲೆ ಈ ವರ್ಷದ ಪುಸ್ತಕದಲ್ಲಿ ಬರುತ್ತದೆ. ಸಸಿ ಹುಟ್ಟದಿರುವುದರ ನಷ್ಟ ನೂರು ವರ್ಷದ ನಂತರ, ಬೇರೆಯವರ ಪುಸ್ತಕದಲ್ಲಿ ಬರುತ್ತದೆ.

ಎಲ್ಲ ಕಡೆಯೂ ಹಾಗೆಯೇ ಆಯಿತೆಂದಲ್ಲ. ಮಾರಿಷಸ್ ದ್ವೀಪದಲ್ಲಿ ಡಚ್ಚರು ನೆಲೆಯೂರಿ ಒಂದು ಶತಮಾನ ತುಂಬುವಷ್ಟರಲ್ಲಿ, ಹಂದಿ ಇಲಿ ಕೋತಿಗಳ ಜೊತೆಗೂಡಿ, ಡೋಡೋ ಹಕ್ಕಿಯನ್ನು ಅಳಿಸಿದ್ದರು. ನಂತರ ಬಂದ ಫ್ರೆಂಚರಲ್ಲಿ ಪಿಯರ್ ಪೊವಾವ್ರ್ ಎಂಬ ಅಧಿಕಾರಿ ಇದನ್ನು ಕಂಡು, 1769ರಲ್ಲಿ ಪ್ರತಿ ಹಿಡುವಳಿಯ ಕಾಲುಭಾಗವನ್ನು, ಅದರಲ್ಲಿಯೂ ಕಡಿದಾದ ಇಳಿಜಾರುಗಳನ್ನು, ಕಾಡಾಗಿಯೇ ಉಳಿಸಬೇಕೆಂಬ ಕಟ್ಟಳೆ ತಂದನು. ಆತನ ಹೆಸರಿನ ಅರ್ಥ ಫ್ರೆಂಚ್ ಭಾಷೆಯಲ್ಲಿ ಮೆಣಸು ಎಂದೇ! ಇದೇ ಮಾರಿಷಸ್ಸಿನ ಮಾರ್ಗವಾಗಿ ಟಿಪ್ಪುವಿನ ರಾಯಭಾರಿಗಳು, ನಜರ್‌ಬಾದಿನ ಕೋಟೆ ಏಳುತ್ತಿದ್ದ ಅದೇ 1787ರಲ್ಲಿ, ಫ್ರಾನ್ಸಿಗೆ ಹೊರಟರು. ಅವರು ಕೇಳಿದ್ದು ಸೈನ್ಯದ ನೆರವನ್ನು ಮಾತ್ರವಲ್ಲ. ಕುಶಲಕರ್ಮಿಗಳನ್ನು, ತೋಟಗಾರರನ್ನು, ಬೀಜ ಸಸಿಗಳನ್ನೂ ಕೇಳಿದರು. ಹೈದರಾಲಿ ಹಾಕಿಸಿದ ಲಾಲ್‌ಬಾಗಿಗೆ ಹೀಗೆ ಹೊರದೇಶದ ಗಿಡಗಳು ಬರತೊಡಗಿದವು. ಬೀಜದ ಹಡಗಿಗೆ ಕೈಯೊಡ್ಡಿದವರು ಯೂರೋಪಿನವರು ಮಾತ್ರವಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಹಾಗೆ ಒಪ್ಪಿಕೊಂಡರೆ ಅಡುಗೆಮನೆಯ ವಿಚಾರಕ್ಕೆ ಬರಬೇಕಾಗುತ್ತದೆ. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಹಡಗಿನಲ್ಲಿ ಬಂದ ಅದು ಮೆಣಸಿನ ಹೆಸರನ್ನೇ ಪಡೆದು, ಕೊನೆಗೆ ಹಳೆಯ ಮೆಣಸು ತನ್ನನ್ನು ಗುರುತಿಸಿಕೊಳ್ಳಲು ಕಾಳುಮೆಣಸು, ಕರಿಮೆಣಸು, ಕರಾವಳಿಯಲ್ಲಿ ಒಳ್ಳೆಮೆಣಸು ಎಂಬ ಹೊಸ ಹೆಸರುಗಳನ್ನು ಹೊರಬೇಕಾಯಿತು. ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯ ಮೇಲೆ ಒಂದು ಕೀರ್ತನೆಯೇ ಪ್ರಚಾರದಲ್ಲಿದೆ. ಗೇರು, ಅನಾನಸು, ಸೀಬೆ, ಸೀತಾಫಲ, ಗೆಣಸು, ಮರಗೆಣಸು, ಶೇಂಗಾ, ಮುಸುಕಿನ ಜೋಳ, ಟೊಮೆಟೊ ಎಲ್ಲವೂ ಆ ಖಂಡದವೇ. ಪರಂಗಿಹಣ್ಣು ತಾನು ಪರಂಗಿಯವರೊಡನೆ ಬಂದದ್ದನ್ನು ಹೆಸರಿನಲ್ಲಿಯೇ ಹೇಳುತ್ತದೆ. ಕರಾವಳಿಯವರು ಆಲೂಗೆಡ್ಡೆಗೆ ಹೇಳುವ ಬಟಾಟೆ ಪೋರ್ಚುಗೀಸ್ ಮಾತು. ಘಟ್ಟದ ಮನೆಗಳ ಹಿತ್ತಿಲಲ್ಲಿ ನಿಂತ ದೀವಿಹಲಸು, ಅಂದರೆ ಜೀಗುಜ್ಜೆ, ಶಾಂತಸಾಗರದ ದ್ವೀಪಗಳ ಮರ. ಅದರ ಸಸಿಗಳನ್ನು ತಾಹಿತಿಯಿಂದ ವೆಸ್ಟ್ ಇಂಡೀಸಿನ ಗುಲಾಮರ ಆಹಾರಕ್ಕೆಂದು ಸಾಗಿಸಲು 1787ರ ಕೊನೆಯಲ್ಲಿ ಹೊರಟ ‘ಬೌಂಟಿ’ ಹಡಗಿನಲ್ಲಿಯೇ ಪ್ರಸಿದ್ಧವಾದ ನಾವಿಕರ ದಂಗೆ ನಡೆದದ್ದು. ಇವುಗಳನ್ನೆಲ್ಲ ಪರದೇಶಿ ಎಂದು ಕಿತ್ತೆಸೆದರೆ ನಜರ್‌ಬಾದಿನ ದೋಸೆಗೆ ಚಟ್ನಿಯೂ ಇಲ್ಲ, ಮಲೆನಾಡಿನ ಗೊಜ್ಜಿಗೆ ಅನಾನಸೂ ಇಲ್ಲ. ಸ್ವದೇಶಿ ಒಳ್ಳೆಯದು, ಪರದೇಶಿ ಕೆಟ್ಟದ್ದು ಎಂಬ ಸರಳ ಘೋಷಣೆ ಪರಿಸರದ ಹೆಸರಿನಲ್ಲಿ ಕೆಲವೆಡೆ ಕೇಳಿಬರುತ್ತದೆ. ಅದು ಕೃಷಿಯ ಚರಿತ್ರೆಗೆ ಒಪ್ಪುವ ಮಾತಲ್ಲ.

ಹಾಗಾದರೆ ಅಳತೆಗೋಲು ಯಾವುದು? ಪಾಪಸುಕಳ್ಳಿಯ ಪ್ರಸಂಗ ಇದಕ್ಕೆ ಉಪಯುಕ್ತ. ಅಮೆರಿಕದ ಈ ಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟದಿಂದ ಬೆಲೆಬಾಳುವ ಕೆಂಪು ಬಣ್ಣ ದೊರೆಯುತ್ತಿತ್ತು. ಆ ಉದ್ಯಮವನ್ನು ಇಲ್ಲಿ ಬೆಳೆಸುವ ಆಸೆಯಿಂದ 1795ರಲ್ಲಿ ಬ್ರೆಜಿಲಿನಿಂದ ಕೀಟವನ್ನು ತರಿಸಲಾಯಿತು. ತಂದದ್ದು ಬೇರೆಯೇ ಜಾತಿಯ ಕೀಟ. ಬಣ್ಣ ಸಿಗಲಿಲ್ಲ; ಆದರೆ ಹೊಲಬೀಳುಗಳನ್ನು ಆವರಿಸಿದ್ದ ಒಂದು ಬಗೆಯ ಕಳ್ಳಿಯನ್ನು ಆ ಕೀಟ ತಿಂದು ಹಾಕಿತು. 1836ರ ನಂತರ ಅದನ್ನು ಬೇಕೆಂದೇ ದಕ್ಷಿಣ ಭಾರತಕ್ಕೆ ತಂದು ಬಿಡಲಾಯಿತು. ಕಳೆಯನ್ನು ಕೀಟದಿಂದ ಹತೋಟಿ ಮಾಡುವ ವಿಜ್ಞಾನದ ಮೊದಲ ಅಧ್ಯಾಯವೆಂದು ಇದನ್ನು ಇಂದಿಗೂ ಪಾಠ ಹೇಳಲಾಗುತ್ತದೆ. ಆದರೆ ಅದೊಂದು ತಪ್ಪಿನ ಫಲ. ಈ ಸಲ ತಪ್ಪು ಒಳ್ಳೆಯದನ್ನು ಮಾಡಿತು. 1809ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದದ ಹೂಗಿಡವೆಂದು ತಂದ ಲಂಟಾನ ಅಂತಹ ಕೃಪೆ ತೋರಲಿಲ್ಲ. ಅದು ಉದ್ಯಾನದ ಬೇಲಿ ಹಾರಿ, ಹಕ್ಕಿಗಳ ಹೊಟ್ಟೆಯಲ್ಲಿ ಪಯಣಿಸಿ, ಇಂದು ಮೈಸೂರಿನ ದಕ್ಷಿಣಕ್ಕಿರುವ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡಿನ ತಳವನ್ನು ತುಂಬಿಕೊಂಡಿದೆ.

ಈ ಕಾಡುಗಳಲ್ಲಿ ಸೇಂಟ್ ಹೆಲೆನಾದ ನೆರಳು ಕಾಣುತ್ತದೆ. ದಾರಿಯಲ್ಲಿ ಹೋಗುವವರಿಗೆ ಕಾಡು ದಟ್ಟವಾಗಿದೆ ಎನಿಸುತ್ತದೆ. ಲಂಟಾನದ ಪೊದೆಯನ್ನು ಸರಿಸಿ ಒಳಹೊಕ್ಕರೆ ನೆಲ್ಲಿ, ಹೊನ್ನೆ, ಮತ್ತಿಗಳ ಎಳೆ ಸಸಿಗಳು ಅಪರೂಪ. ಇಲ್ಲಿ ಸಸಿಯನ್ನು ತಡೆಯುತ್ತಿರುವುದು ಹಲ್ಲಲ್ಲ, ನೆರಳು ಮತ್ತು ಬೇರು, ಫಲ ಒಂದೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೊಂದು ಕಾರಣ ಹೇಳುತ್ತಾರೆ. ಹಿಂದೆ ಬೇಸಿಗೆಯ ಮೊದಲಲ್ಲಿ ಅವರು ಹಾಕುತ್ತಿದ್ದ, ತರಗೆಲೆಯನ್ನಷ್ಟೇ ಸುಡುವ ಸಣ್ಣ ‘ತರಗು ಬೆಂಕಿ’ ಲಂಟಾನದ ಮೊಳಕೆಯನ್ನೂ ಮರಗಳ ಬಂದಳಿಕೆಯನ್ನೂ ಹದ್ದುಬಸ್ತಿನಲ್ಲಿಡುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತು ಪೊದೆ ಹಬ್ಬಿತು ಎಂಬುದು ಅವರ ವಾದ. ಸಂಶೋಧಕರು ಈ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಲು ದಶಕಗಳೇ ಬೇಕಾದವು. ಮಲ್ಪೆಯಲ್ಲಿ ಗಾಳಿಯ ಪಂಚಾಂಗವನ್ನು ಕೇಳದೆ ಹೊರಟ ಹಡಗಿಗೂ ಇದಕ್ಕೂ ಎಷ್ಟು ವ್ಯತ್ಯಾಸ?

ನೀಲಗಿರಿಯ ವಿಷಯದಲ್ಲಿ ವಾದಗಳು ಸಾಕಷ್ಟು ನಡೆದಿವೆ. ಕುಕ್‌ನ ಯಾನಗಳಲ್ಲಿ ಯೂರೋಪಿನ ಸಸ್ಯಶಾಸ್ತ್ರಜ್ಞರ ಕೈಸೇರಿದ ಈ ಆಸ್ಟ್ರೇಲಿಯದ ಮರ 1790ರ ಸುಮಾರಿಗೇ ನಂದಿಬೆಟ್ಟಕ್ಕೆ ಬಂದಿತೆಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಅದರ ಸಂತತಿ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ದೇಶವನ್ನೆಲ್ಲ ಸುತ್ತಿದೆ. ಅದು ನೀರು ಕುಡಿಯುತ್ತದೆಯೇ ಇಲ್ಲವೇ ಎಂಬ ಜಗಳಕ್ಕೆ ಉತ್ತರ ನೆಲದಿಂದ ನೆಲಕ್ಕೆ ಬದಲಾಗುತ್ತದೆ. ತೆಳುಮಣ್ಣಿನಲ್ಲಿ ಅದರ ಬಳಕೆ ಒಣ ಎಲೆಯುದುರುವ ಕಾಡಿಗಿಂತ ಬಹಳ ಹೆಚ್ಚಿಲ್ಲ. ಹೊಸಕೋಟೆಯ ಬಳಿಯ ಆಳಮಣ್ಣಿನಲ್ಲಿ ನಡೆದು 1990ರ ದಶಕದಲ್ಲಿ ಪ್ರಕಟವಾದ ಅಳತೆಗಳಲ್ಲಿ ಮಾತ್ರ ಅದು ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು, ಅಂದರೆ ಹಿಂದಿನ ವರ್ಷಗಳ ತೇವವನ್ನೂ, ಹೀರಿದ್ದು ಕಂಡುಬಂತು. ಮರವನ್ನು ದೆವ್ವವೆಂದು ಕರೆಯುವುದಕ್ಕಿಂತ ಇಂತಹ ಅಳತೆಗಳನ್ನು ನೆನಪಿಡುವುದು ಲೇಸು. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು.

ಮಲೆನಾಡಿಗೆ ಹೆಚ್ಚು ಹತ್ತಿರದ ಪ್ರಶ್ನೆ ಅಕೇಶಿಯಾದ್ದು. ಅಡಿಕೆ ತೋಟದ ಬೆನ್ನೆಲುಬು ಸೊಪ್ಪಿನ ಬೆಟ್ಟ. 1800–01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಸೋಂದೆ ಸೀಮೆಯ ತೋಟ ಮತ್ತು ಬೆಟ್ಟಗಳ ನಂಟನ್ನು ದಾಖಲಿಸಿದ್ದಾನೆ. ಸೊಪ್ಪು ಕೊಟ್ಟಿಗೆಗೆ, ಗೊಬ್ಬರ ತೋಟಕ್ಕೆ ಎಂಬುದು ಇದರ ಕ್ರಮ. ಬೋಳಾದ ಗುಡ್ಡಗಳಲ್ಲಿ ಬೇಗ ಹಸಿರು ಕಾಣಬೇಕೆಂದು ಅರಣ್ಯ ಇಲಾಖೆ ಅಲ್ಲಿ ಅಕೇಶಿಯಾ ನೆಟ್ಟಿತು. ಸೌದೆ ಸಿಕ್ಕಿತೆಂಬುದನ್ನು ಅಲ್ಲಗಳೆಯಲಾಗದು. ಜಂಬಿಟ್ಟಿಗೆಯ ಗಟ್ಟಿ ನೆಲದಲ್ಲಿ ಬೇರೆ ಗಿಡ ಏಳುವುದು ಕಷ್ಟವೆಂಬುದೂ ನಿಜ. ಆದರೆ ಅದರ ತೊಗಲಿನಂತಹ ಎಲೆ ಕೊಟ್ಟಿಗೆಯಲ್ಲಿ ಕೊಳೆಯಲು ಹಿಂದೇಟು ಹಾಕುತ್ತದೆ, ದನ ಮೂಸಿಯೂ ನೋಡುವುದಿಲ್ಲ. ನೆಡುವ ಮೊದಲು ಆ ಬೆಟ್ಟದಲ್ಲಿ ಸೊಪ್ಪು ಕಡಿಯುತ್ತಿದ್ದ ಹೆಂಗಸರನ್ನು ಯಾರೂ ಕೇಳಿದ್ದಿಲ್ಲ. 1984ರಲ್ಲಿ ಕಾಗದದ ತಿರುಳಿಗಾಗಿ ಗೋಮಾಳ, ಬೇಣಗಳನ್ನು ಜಂಟಿ ಕಂಪೆನಿಯೊಂದಕ್ಕೆ ವಹಿಸಿದಾಗಲೂ ಕೇಳಲಿಲ್ಲ. ಉತ್ತರವಾಗಿ 1987ರ ನವೆಂಬರಿನಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು ಹಣ್ಣಿನ, ಮೇವಿನ ಸಸಿಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂಬ ಆ ಸತ್ಯಾಗ್ರಹದ ಹೆಸರಿನಲ್ಲಿಯೇ ಅರ್ಧ ಕೀಳುವುದಿದ್ದರೆ ಅರ್ಧ ನೆಡುವುದಿತ್ತು. ಆ ಕಂಪೆನಿ 1991ರಲ್ಲಿ ಮುಚ್ಚಿತು. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಗಳಿಗೆ ಕೊಟ್ಟಿದ್ದ ಅರಣ್ಯಭೂಮಿಯ ಗುತ್ತಿಗೆ 2020ರಲ್ಲಿ ಮುಗಿದು, ಕಾರ್ಖಾನೆಯೇ ನಿಂತಿದ್ದರೂ ಗುತ್ತಿಗೆಯನ್ನು ಮುಂದುವರಿಸಲು ಸರ್ಕಾರ ಹೊರಟಾಗ, ಶಿವಮೊಗ್ಗ ಜಿಲ್ಲೆಯಲ್ಲಿ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಕೂಗು ಎದ್ದಿತು.

ಮೆಣಸಿನಕಾಯಿಗೂ ಅಕೇಶಿಯಾಕ್ಕೂ ಇರುವ ಭೇದ ಇಲ್ಲಿದೆ. ಎರಡೂ ಕಡಲಾಚೆಯಿಂದ ಬಂದವೇ. ಒಂದು ಹಿತ್ತಿಲಿನಿಂದ ಹಿತ್ತಿಲಿಗೆ, ಕೈಯಿಂದ ಕೈಗೆ ದಾಟಿ, ತಲೆಮಾರುಗಳ ಪರೀಕ್ಷೆಗೆ ಒಳಪಟ್ಟು, ಬ್ಯಾಡಗಿಯಂತಹ ಊರಿನ ಹೆಸರನ್ನೇ ತನ್ನದಾಗಿಸಿಕೊಂಡಿತು. ಬೇಡವೆಂದವನು ಮರುವರ್ಷ ಬಿತ್ತದೆ ಬಿಡಬಹುದಿತ್ತು. ಇನ್ನೊಂದು ದೂರದ ಕಚೇರಿಯ ಲೆಕ್ಕದಿಂದ ಇಡೀ ಗುಡ್ಡಕ್ಕೆ ಒಮ್ಮೆಗೇ ಇಳಿಯಿತು. ಬೇಡವೆನ್ನುವ ಅವಕಾಶ ಗುಡ್ಡದವರಿಗೆ ಇರಲಿಲ್ಲ. ಲಂಟಾನ ಮಾತ್ರ ಈ ಭೇದವನ್ನೂ ಕದಡುತ್ತದೆ. ಅದು ಅಂಗಳದ ಹೂವಾಗಿಯೇ ಬಂದದ್ದು, ಯಾರ ಅಪ್ಪಣೆಯಿಂದಲೂ ಅಲ್ಲ. ಆದ್ದರಿಂದ ‘ಜನ ಒಪ್ಪಿದ್ದು’ ಎಂಬುದೊಂದೇ ಸಾಲದು. ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವೇ ಎಂಬ ಇನ್ನೊಂದು ಪ್ರಶ್ನೆಯನ್ನೂ ಮೊದಲೇ ಕೇಳಬೇಕಾಗುತ್ತದೆ. ನಜರ್‌ಬಾದಿನ ಕೋಟೆಯ ಕಲ್ಲನ್ನು ಹಿಂದಕ್ಕೆ ಹೊರಲಾಯಿತು. ಹಕ್ಕಿ ತಿಂದ ಬೀಜವನ್ನು ಯಾರು ಹೊರುತ್ತಾರೆ? ನರ್ಸರಿಗಳಿಂದ ಹೊಸ ಹೊಸ ಅಲಂಕಾರದ ಗಿಡಗಳನ್ನು ಕಾಡಂಚಿನ ರೆಸಾರ್ಟುಗಳಿಗೂ ಶಾಲೆಯ ಆವರಣಗಳಿಗೂ ಸಾಗಿಸುತ್ತಿರುವ ಇಂದಿನ ದಿನಗಳಲ್ಲಿ ಈ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಕಾಡಿನ ಆರೋಗ್ಯವನ್ನು ಉಪಗ್ರಹದ ಹಸಿರು ಚಿತ್ರದಿಂದ ಅಳೆಯುವ ರೂಢಿ ಬೆಳೆದಿದೆ. ಸೇಂಟ್ ಹೆಲೆನಾದ ಮಹಾವನವನ್ನು 1650ರಲ್ಲಿ ಆಕಾಶದಿಂದ ನೋಡಿದ್ದರೆ ಅದೂ ಹಸಿರಾಗಿಯೇ ಕಾಣುತ್ತಿತ್ತು. ಮಲೆನಾಡಿನ ಪ್ರೌಢಶಾಲೆಯ ಮಕ್ಕಳು ಹತ್ತಿರದ ಬೆಟ್ಟದಲ್ಲಿ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಚೌಕವೊಂದನ್ನು ಹಗ್ಗದಿಂದ ಗುರುತಿಸಿ, ಮೊಣಕಾಲಿಗಿಂತ ಕೆಳಗಿರುವ ಮರದ ಸಸಿಗಳನ್ನು ಜಾತಿವಾರು ಎಣಿಸಿ, ಪ್ರತಿವರ್ಷ ಮಳೆಗಾಲದ ಕೊನೆಗೆ ಅದನ್ನೇ ಮತ್ತೆ ಎಣಿಸಿ ಪುಸ್ತಕದಲ್ಲಿ ಬರೆದಿಟ್ಟರೆ ಗ್ರಾಮ ಅರಣ್ಯ ಸಮಿತಿಯ ಸಭೆಯಲ್ಲಿ ಮುಂದಿಡಲು ಒಂದು ದಾಖಲೆಯಾಗುತ್ತದೆ. ಅದಕ್ಕೆ ಯಂತ್ರ ಬೇಡ, ಅನುದಾನವೂ ಬೇಡ. ಸಸಿಗಳ ಊರಿನ ಹೆಸರುಗಳನ್ನು ಬಲ್ಲ ಒಬ್ಬ ಅಜ್ಜಿಯೋ ಅಜ್ಜನೋ ಜೊತೆಗಿದ್ದರೆ ಸಾಕು.

ಸೇಂಟ್ ಹೆಲೆನಾದ ಕರಿಮರ ನಿರ್ನಾಮವಾಯಿತೆಂದು ನೂರು ವರ್ಷಕ್ಕೂ ಹೆಚ್ಚು ಕಾಲ ನಂಬಲಾಗಿತ್ತು. 1980ರಲ್ಲಿ ಕಡಲಿಗೆ ಎದುರಾದ ಕಡಿದಾದ ಬಂಡೆಯೊಂದರ ಮೇಲೆ, ಆಡಿನ ಬಾಯಿಗೆ ಎಟುಕದ ಜಾಗದಲ್ಲಿ, ಎರಡು ಕುಳ್ಳು ಪೊದೆಗಳು ಕಂಡವು. ಅವುಗಳಿಂದ ತೆಗೆದ ಕಡ್ಡಿಗಳಿಂದ ಸಾವಿರಾರು ಗಿಡಗಳನ್ನು ಬೆಳೆಸಲಾಗಿದೆ. ಒಂದು ಕಾಲದಲ್ಲಿ ಮಹಾವನವಿದ್ದ ಬೋಳು ನೆಲದಲ್ಲಿ 2000ನೆಯ ಇಸವಿಯಿಂದ ದ್ವೀಪದ ಜನ ತಮ್ಮ ಮೂಲದ ಅಂಟುಮರಗಳನ್ನು ನೆಡುತ್ತಿದ್ದಾರೆ. ಮಣ್ಣು ಕೊಚ್ಚಿ ಹೋಗಿ ನೆಲ ಗಟ್ಟಿಯಾಗಿರುವುದರಿಂದ ಗುಂಡಿ ತೋಡುವುದೇ ದೊಡ್ಡ ಕೆಲಸ. ಸಸಿಗಳಿಗೆ ನೀರು ಹೊತ್ತು ಹಾಕಬೇಕು, ಮೊಲಗಳಿಂದ ಕಾಯಬೇಕು. ಆ ಮೊಲಗಳೂ ಹಡಗಿನಲ್ಲಿ ಬಂದವೇ.